ಅತ್ತಿಕಾಯಿಗೆ ಕಣಜವನ್ನು ಬಿಟ್ಟ ಬೆಳಿಗ್ಗೆ

ಅತ್ತಿಯ ಹೂವು ದೇವತೆಗಳ ಕಣ್ಣಿಗೆ ಮಾತ್ರ ಬೀಳುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ಹಳ್ಳದ ದಂಡೆಯ ಮರದಿಂದ ಎಳೆಗಾಯೊಂದನ್ನು ಕಿತ್ತು, ಬ್ಲೇಡಿನಿಂದ ಸೀಳಿ, ಭೂತಗನ್ನಡಿ ಹಿಡಿದ ದಿನ ನನಗೂ ಕಂಡಿತು. ಒಳಗೋಡೆಯ ತುಂಬ ಎಣಿಸಲಾಗದಷ್ಟು ಹೂಗಳು. ನಾವು ಕಾಯಿ ಎನ್ನುವುದು ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು.

ಗಾಳಿಯೂ ಜೇನೂ ನುಗ್ಗಲಾಗದ ಆ ಕೋಣೆಗೆ ಪರಾಗ ಒಯ್ಯುವುದು ಎರಡು ಮಿಲಿಮೀಟರ್ ಉದ್ದದ ಕಣಜ ಎಂದು ಓದಿದ್ದೆ. ಕಣ್ಣಾರೆ ನೋಡಬೇಕೆನಿಸಿತು. ಕಾಯಿಗಳು ಕಡಲೆಕಾಳಿನಷ್ಟಿದ್ದಾಗ ಮೂರು ಗೊಂಚಲುಗಳಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿದೆ. ಅದು ಪ್ರಯೋಜನಕ್ಕೆ ಬರಲಿಲ್ಲ. ಕಣಜಗಳು ಅದರ ಕಣ್ಣುಗಳಲ್ಲಿ ಸಲೀಸಾಗಿ ತೂರಿದವು. ಮುಂದಿನ ಫಸಲಿಗೆ ಹಳೆಯ ಪಂಚೆಯಿಂದ ಎರಡು ಚೀಲ ಹೊಲಿದೆ. ಇರುವೆ ಹತ್ತದಂತೆ ಗೊಂಚಲಿನ ಬುಡಕ್ಕೆ ಗ್ರೀಸ್ ಹಚ್ಚಿದೆ. ಕಣಜಗಳು ಹೊರಬರುವ ತೂತಿನ ಬಾಯಲ್ಲೇ ಚಗಳಿ ಇರುವೆಗಳು ಕಾದು ಕುಳಿತು ಹಿಡಿಯುತ್ತವೆ.

ಕಣಜ ಬಾರದಿದ್ದರೆ ಏನಾಗುತ್ತದೆಂದು ತಿಳಿಯಲು ಒಂದು ಚೀಲವನ್ನು ಬಿಚ್ಚುವಂತೆಯೇ ಇರಲಿಲ್ಲ. ಇನ್ನೊಂದಕ್ಕೆ ಬೇರೆ ಮರದ ಕಣಜ ಬೇಕಿತ್ತು, ಏಕೆಂದರೆ ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಬಲಿಯುತ್ತವೆ; ಇಲ್ಲಿ ಎಳೆಗಾಯಿ ಇರುವಾಗ ಕಣಜ ಹೊರಬರುವ ಬಲಿತ ಕಾಯಿ ಸಿಗದು. ಹೊಳೆಯಾಚೆಯ ಮರದಲ್ಲಿ ಕಾಯಿ ಬಣ್ಣ ತಿರುಗುತ್ತಿತ್ತು. ಒಂದನ್ನು ಒಡೆದೆ. ಒಳಗೆ ರೆಕ್ಕೆಯಿಲ್ಲದ ಗಂಡುಗಳು ಓಡಾಡುತ್ತಿದ್ದವು. ಹೆಣ್ಣುಗಳನ್ನು ಕೂಡಿ, ಅವುಗಳಿಗಾಗಿ ಗೋಡೆ ಕೊರೆಯುವುದರಲ್ಲೇ ಗಂಡುಗಳ ಆಯುಷ್ಯ ತೀರುತ್ತದೆ. ಇನ್ನೂ ತೂತು ಬೀಳದ ಹತ್ತು ಕಾಯಿಗಳನ್ನು ಸಂಜೆ ಗಾಜಿನ ಬಾಟಲಿಗೆ ಹಾಕಿ ಬಾಯಿಗೆ ಬಟ್ಟೆ ಬಿಗಿದೆ.

ಬೆಳಿಗ್ಗೆ ಗಾಜಿನ ತುಂಬ ಕಪ್ಪು ಚುಕ್ಕೆಗಳು. ತಡಮಾಡುವಂತಿರಲಿಲ್ಲ, ಹೊರಬಂದ ಹೆಣ್ಣು ಬದುಕುವುದೇ ಒಂದೆರಡು ದಿನ. ಬಾಲದಂತೆ ಉದ್ದ ಕೊಳವೆಯಿದ್ದವನ್ನು ಬೇರೆ ಮಾಡಿದೆ. ಅವು ಹೊರಗಿನಿಂದಲೇ ಕಾಯಿಯನ್ನು ಚುಚ್ಚಿ ಮೊಟ್ಟೆಯಿಡುವ ಜಾತಿ, ಪರಾಗ ಮುಟ್ಟಿಸುವುದಿಲ್ಲ. ಉಳಿದವನ್ನು ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಕಾಯಿಗಳ ಮೇಲೆ ಬಿಟ್ಟೆ.

ಒಂದು ಕಣಜ ಕಾಯಿಯ ತುದಿಯ ಕಿರುಬಾಯಿಯನ್ನು ಹುಡುಕಿ ತಲೆ ತೂರಿಸಿತು. ಪದರಗಳ ನಡುವೆ ಎಷ್ಟು ಬಿಗಿಯೆಂದರೆ ರೆಕ್ಕೆಗಳು ಬಾಗಿಲಲ್ಲೇ ಕಳಚಿ ಉಳಿದವು. ಅದನ್ನು ನೋಡುವಾಗ ಉಸಿರು ಬಿಗಿಹಿಡಿದಿದ್ದೆ. ಎದೆಯ ಚೀಲಗಳಲ್ಲಿ ತಂದ ಪರಾಗವನ್ನು ಹೂಗಳಿಗೆ ಸವರಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅದು ಒಳಗೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂಗಳಲ್ಲಿ ಮರಿ ಬೆಳೆಯುತ್ತದೆ, ಪರಾಗ ಮಾತ್ರ ತಾಗಿದವು ಬೀಜವಾಗುತ್ತವೆ.

ನಾವು ತಿನ್ನುವ ಅಂಜೂರವೂ ಹೀಗೆಯೇ ಎಂದು ಹಲವರು ಕೇಳುತ್ತಾರೆ. ಗಂಜಾಂ, ಬಳ್ಳಾರಿ ಕಡೆಯ ಅಂಜೂರ ಕಣಜವಿಲ್ಲದೆಯೇ ಹಣ್ಣಾಗುತ್ತದೆ. ಆದರೆ ಸ್ಮಿರ್ನಾ ಎಂಬ ಅಂಜೂರದ ತಳಿಗೆ ಕಣಜ ಬೇಕೇ ಬೇಕು. ಕ್ಯಾಲಿಫೋರ್ನಿಯಾದಲ್ಲಿ 1899ರಲ್ಲಿ ಕಣಜವನ್ನು ತಂದು ನೆಲೆಗೊಳಿಸಿದ ಮೇಲೆಯೇ ಅದರ ತೋಟಗಳು ಫಲ ಕೊಟ್ಟವು.

ಮುಚ್ಚಿಟ್ಟ ಚೀಲವನ್ನು ಕೊನೆಗೆ ಬಿಚ್ಚಿದಾಗ ಕಾಯಿಗಳೆಲ್ಲ ಹಳದಿಯಾಗಿ ತಳದಲ್ಲಿ ಉದುರಿಬಿದ್ದಿದ್ದವು. ಕಣಜ ಬಿಟ್ಟ ಗೊಂಚಲಿನಲ್ಲಿ 23ರಲ್ಲಿ 19 ನಿಂತು ಕೆಂಪಾದವು. ಅವುಗಳ ಬೀಜ ತೊಳೆದು ಬಿತ್ತಿದ್ದೇನೆ. ಎಂಟು ಸಸಿಗಳು ಎದ್ದಿವೆ: ತಾಯಿ ಹಳ್ಳದ ದಂಡೆಯದು, ತಂದೆ ಹೊಳೆಯಾಚೆಯದು.