ಸರ್ವರ್ ರೂಮಿಗೆ ಸಿಡಿಲು ಬರುವ ದಾರಿ

ಮಂಗಳೂರಿನ ಬೈಕಂಪಾಡಿ ಕಡೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಸರ್ವರ್, ಅದರಲ್ಲಿ ಟ್ಯಾಲಿ ಮತ್ತು ಸ್ಟಾಕಿನ ಲೆಕ್ಕ. ಆಫೀಸು, ಗೋದಾಮು, ಲಾರಿ ತೂಗುವ ವೇಬ್ರಿಡ್ಜಿನ ಕೋಣೆ ಮೂರೂ ಬೇರೆ ಬೇರೆ ಕಟ್ಟಡ. ನೇಮಕ ಸಿಸ್ಟಂ ಅಡ್ಮಿನ್ ಅಂತಲೇ ಆದರೂ ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಗೆ ಮೊದಲಿನ ಏಪ್ರಿಲ್-ಮೇ ಮತ್ತು ಮಳೆಗಾಲ ಮುಗಿಯುವ ಅಕ್ಟೋಬರ್-ನವೆಂಬರಿನಲ್ಲಿ ನನ್ನ ಕಣ್ಣು ಪರದೆಗಿಂತ ಹೆಚ್ಚಾಗಿ ಆಕಾಶದ ಮೇಲಿರುತ್ತದೆ. ಕರಾವಳಿಯಲ್ಲಿ ಸಿಡಿಲಿನ ಕಾಲ ಅವು.

ಸಿಡಿಲು ಬಂದ ಪ್ರತಿ ಸಲವೂ ನೆಟ್‌ವರ್ಕ್ ಸ್ವಿಚ್, ಅಂದರೆ ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಸುಡುತ್ತಿತ್ತು. ಎಲೆಕ್ಟ್ರಿಷಿಯನ್ನನ್ನು ಕರೆಸಿದರೆ “ಅರ್ತಿಂಗ್ ಸರಿ ಉಂಟು ಮಾರಾಯ್ರೆ” ಎನ್ನುತ್ತಿದ್ದರು. ಅಳೆದು ನೋಡಿದರೆ ನಿಜಕ್ಕೂ ಸರಿ ಇತ್ತು. ಕರೆಂಟಿನ ಪ್ಯಾನೆಲಿಗೆ, ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಕೂರಿಸಿದೆವು, ಆದರೂ ಸುಟ್ಟಿತು. ಕೊನೆಗೆ ಸತ್ತ ಸ್ವಿಚ್ಚುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿಟ್ಟು, ಯಾವ ಯಾವ ಪೋರ್ಟ್ ಹೋಗಿದೆ, ಅದಕ್ಕೆ ಎಲ್ಲಿಯ ಕೇಬಲ್ ಬರುತ್ತಿತ್ತು ಎಂದು ಬರೆಯುತ್ತಾ ಹೋದೆ. ಹೋದವೆಲ್ಲ ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ಕೇಬಲ್ಲಿನ ತುದಿಗಳೇ. ಪವರ್ ಸಪ್ಲೈ ಒಂದೂ ಸುಟ್ಟಿರಲಿಲ್ಲ. ಅಂದರೆ ಸಿಡಿಲು ಕರೆಂಟಿನ ದಾರಿಯಲ್ಲಿ ಬರುತ್ತಿರಲಿಲ್ಲ, ನಮ್ಮದೇ ಕ್ಯಾಟ್ ಸಿಕ್ಸ್ ಎಂಬ ತಾಮ್ರದ ನೆಟ್‌ವರ್ಕ್ ಕೇಬಲ್ಲಿನಲ್ಲಿ ಬರುತ್ತಿತ್ತು.

ಇದಕ್ಕೆ ಸಿಡಿಲು ನಮ್ಮ ಮಾಡಿಗೇ ಹೊಡೆಯಬೇಕೆಂದಿಲ್ಲ, ಆಚೆಯ ತೆಂಗಿನ ಮರಕ್ಕೆ ಹೊಡೆದರೂ ಸಾಕು. ಪ್ರತಿ ಕಟ್ಟಡಕ್ಕೂ ಅದರದೇ ಅರ್ತ್ ಗುಂಡಿ ಇರುತ್ತದೆ. ಸಿಡಿಲು ನೆಲಕ್ಕಿಳಿದ ಕ್ಷಣದಲ್ಲಿ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟಿನ ಅಂತರ ಬರಬಹುದು. ಆ ಎರಡನ್ನೂ ಜೋಡಿಸುವ ತಾಮ್ರದ ತಂತಿ ನಮ್ಮ ಕೇಬಲ್. ಕೇಬಲ್ ಸಿಕ್ಕಿಸುವ ಈಥರ್ನೆಟ್ ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ 1,500 ವೋಲ್ಟ್ ತಡೆದುಕೊಳ್ಳಬೇಕೆಂಬುದು ನಿಯಮ. ಅದನ್ನು ಮೀರಿದ್ದು ಹಾರಿ ಒಳಗೆ ನುಗ್ಗುತ್ತದೆ. ಹಾಗಾಗಿ ಎರಡೂ ಕಡೆ ಅರ್ತಿಂಗ್ ಎಷ್ಟೇ ಚೆನ್ನಾಗಿದ್ದರೂ ಪೋರ್ಟ್ ಉಳಿಯುತ್ತದೆ ಎನ್ನುವಂತಿಲ್ಲ.

ತಾಮ್ರ ತೆಗೆಸಿ ಫೈಬರ್ ಹಾಕಿಸಿದೆ. ಗಾಜಿನಲ್ಲಿ ಬೆಳಕು ಹರಿಯುತ್ತದೆ, ಸಿಡಿಲಿಗೆ ಅಲ್ಲಿ ದಾರಿ ಇಲ್ಲ. ನಮ್ಮ ದೂರಕ್ಕೆ, ಹತ್ತಿರದ ಸಂಪರ್ಕಕ್ಕೆ ಬಳಸುವ ಮಲ್ಟಿಮೋಡ್ ಫೈಬರ್ ಸಾಕಿತ್ತು; ಮುಂದೆ ವೇಗ ಹೆಚ್ಚಿಸುವಾಗ ಮತ್ತೆ ಅಗೆಯುವುದು ಬೇಡವೆಂದು ಹೆಚ್ಚು ದೂರಕ್ಕೂ ವೇಗಕ್ಕೂ ಆಗುವ ಸಿಂಗಲ್ ಮೋಡ್ ತೆಗೆದುಕೊಂಡೆ. ಅಂಗಡಿಯವರು ಇಲಿಯ ಹೆದರಿಕೆ ಹೇಳಿ ಉಕ್ಕಿನ ಕವಚದ ಕೇಬಲ್ ಕೊಡಲು ನೋಡಿದರು. ಉಕ್ಕೂ ಲೋಹವೇ ತಾನೆ! ತಾಮ್ರ ತೆಗೆದು ಅದನ್ನು ಹಾಕಿದರೆ ಸಿಡಿಲಿಗೆ ಹಳೆಯ ದಾರಿಯನ್ನೇ ತೆರೆದುಕೊಟ್ಟಂತೆ. ಲೋಹವೇ ಇಲ್ಲದ ಕೇಬಲ್ಲನ್ನು ಕೇಳಿ ತರಿಸಿ, ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನೊಳಗೆ ಹೂಳಿಸಿದೆ. ಇಲಿ ನುಗ್ಗದಂತೆ ಪೈಪಿನ ಎರಡೂ ಬಾಯಿ ಮುಚ್ಚಿಸಿದೆ. ಫೈಬರಿನ ತುದಿ ಬೆಸೆಯುವ ಸ್ಪ್ಲೈಸಿಂಗಿನವರು ಬಂದು ಜೋಡಿಸಿ, ಬೆಳಕು ಎಷ್ಟು ತಲುಪುತ್ತದೆಂದು ಪವರ್ ಮೀಟರ್ ಹಿಡಿದು ತೋರಿಸಿದರು. ಇಷ್ಟು ದೂರದಲ್ಲಿ ಗಾಜಿನಿಂದಾಗುವ ನಷ್ಟ ಲೆಕ್ಕಕ್ಕಿಲ್ಲ, ಕಿಲೋಮೀಟರಿಗೆ 0.4 ಡೆಸಿಬೆಲ್ ಕೂಡ ಬರುವುದಿಲ್ಲ. ಹೆಚ್ಚು ಬಂದರೆ ಕನೆಕ್ಟರಿನಲ್ಲಿ ಧೂಳು ಕೂತಿರುತ್ತದೆ, ಇಲ್ಲವೇ ಯಾರೋ ತಂತಿಯನ್ನು ತೀರಾ ಬಾಗಿಸಿ ಬಿಗಿದು ಕಟ್ಟಿರುತ್ತಾರೆ.

ಗೇಟಿನ ಕ್ಯಾಮೆರಾಗಳ ವಿಷಯದಲ್ಲಿ ಇದು ನಡೆಯುವುದಿಲ್ಲ. ಅವುಗಳಿಗೆ ಕರೆಂಟು ಹೋಗುವುದೂ ನೆಟ್‌ವರ್ಕ್ ಕೇಬಲ್ಲಿನಲ್ಲೇ, ತಾಮ್ರ ಬೇಕೇ ಬೇಕು. ಹೊರಗಿನ ಕ್ಯಾಮೆರಾಗಳಿಗೆಲ್ಲ ಹೀಗೆ ಕೇಬಲ್ಲಿನಲ್ಲೇ ಕರೆಂಟು ಕೊಡುವ ಅಗ್ಗದ ಒಂದು ಪಿಒಇ ಸ್ವಿಚ್ ಬೇರೆ ಇಟ್ಟು, ಅದಕ್ಕೊಂದು ಸಣ್ಣ ಯುಪಿಎಸ್ ಕೊಟ್ಟು, ಅಲ್ಲಿಂದ ಮುಖ್ಯ ಸ್ವಿಚ್ಚಿಗೆ ಫೈಬರ್ ತುಂಡಿನಲ್ಲಿ ಸಂಪರ್ಕ ಮಾಡಿದೆ. ಆಮೇಲೆ ಒಂದು ಅಕ್ಟೋಬರಿನಲ್ಲಿ ಎರಡು ಕ್ಯಾಮೆರಾ ಮತ್ತು ಆ ಸ್ವಿಚ್ ಹೋದವು, ಸರ್ವರಿನ ಲಾಗಿನಲ್ಲಿ ಅದರ ಸುಳಿವೂ ಇರಲಿಲ್ಲ. ಈ ಖರ್ಚು ಧಣಿಗಳಿಗೆ ಒಪ್ಪಿಗೆ.

ಯುಪಿಎಸ್ ಎಂದಾಗ ನೆನಪಾಯಿತು. ಸರ್ವರಿನ ಯುಪಿಎಸ್ ಬಾಯ್ಲರ್ ಪಕ್ಕದ ಕೋಣೆಯಲ್ಲಿತ್ತು. 25 ಡಿಗ್ರಿಯಿಂದ ಮೇಲೆ ಸುಮಾರು 10 ಡಿಗ್ರಿ ಏರಿದರೆ ಅದರೊಳಗಿನ ಸೀಸ-ಆಮ್ಲದ ಬ್ಯಾಟರಿಯ ಆಯಸ್ಸು ಅರ್ಧಕ್ಕಿಳಿಯುತ್ತದೆ. ಜಾಗ ಬದಲಿಸಿದೆ. ಯುಎಸ್‌ಬಿ ವಯರಿನಲ್ಲಿ ಸರ್ವರಿಗೆ ಜೋಡಿಸಿ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ತಂತ್ರಾಂಶ ಹಾಕಿ, ಬ್ಯಾಟರಿ ಖಾಲಿಯಾಗುವ ಮೊದಲೇ ಸರ್ವರ್ ತಾನಾಗಿ ಆಫ್ ಆಗುವಂತೆ ಮಾಡಿದೆ. ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ಮೇನ್ ಪ್ಲಗ್ ಎಳೆದು ನೋಡುತ್ತೇನೆ. ಎಳೆಯದೆ ನಂಬುವಂಥದ್ದಲ್ಲ ಅದು.

ಬ್ಯಾಕಪ್ಪಿಗೂ ಇದೇ ಲೆಕ್ಕ. ಒಂದೇ ಲೆಕ್ಕವನ್ನು ಎರಡೂ ಡಿಸ್ಕಿನಲ್ಲಿ ಬರೆಯುವ ರೇಯ್ಡ್ ಇದ್ದರೂ ಎರಡೂ ಒಂದೇ ಪೆಟ್ಟಿಗೆಯಲ್ಲಿವೆ. ಆದ್ದರಿಂದ ಹೊರಗಿನ ಡಿಸ್ಕಿಗೆ ನಕಲು ಆದ ಕೂಡಲೇ ಅದನ್ನು ಕಳಚಿ ಅಕೌಂಟ್ಸ್ ಕಪಾಟಿನಲ್ಲಿ ಇಡುತ್ತೇವೆ. ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಕೊನೆಯ ವೋಚರ್ ನಂಬರು ಸರಿಯಿದೆಯೇ ಎಂದು ಅಕೌಂಟೆಂಟ್ ಅಕ್ಕ ತಾಳೆ ನೋಡುತ್ತಾರೆ. ನಕಲಾಗಿದೆ ಎಂದು ಪರದೆ ಹೇಳಿದರೆ ಅವರಿಗೆ ಸಾಲದು.

ವೇಬ್ರಿಡ್ಜಿನ ಅಡಿಯಿಂದ ತೂಕದ ಯಂತ್ರಕ್ಕೆ ಬರುವ ವಯರ್ ಇನ್ನೂ ತಾಮ್ರದ್ದೇ, ಅದನ್ನು ಬದಲಿಸಲಾಗದು. ಯಂತ್ರದಿಂದ ಕಂಪ್ಯೂಟರಿಗೆ ಹೋಗುವ ಸೀರಿಯಲ್ ವಯರನ್ನು ಗುಡುಗು ಕೇಳಿದ ಕೂಡಲೇ ಕಳಚಿಡಿ ಎಂದು ಅಲ್ಲಿನವರಿಗೆ ಹೇಳಿದ್ದೇನೆ. ಅಷ್ಟು ಹೊತ್ತು ತೂಕವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ.