ಇಂಗ್ಲೆಂಡಿನಲ್ಲಿ ಮನೆ ಕೊಂಡಿರಾ? ಹಿತ್ತಲ ಹಸಿರು ಬೇಲಿಗೆ ಕತ್ತರಿ ಹಾಕುವ ಮುನ್ನ

ಮನೆಯ ಜೊತೆಗೆ ಹತ್ತಡಿ ಎತ್ತರ ಬೆಳೆದು ನಿಂತ ಹಸಿರು ಬೇಲಿಯೂ ಸಿಕ್ಕಿದ್ದರೆ, ಗರಗಸ ಹಿಡಿಯುವ ಮೊದಲು ಅದು ಯಾವ ಗಿಡ ಎಂದು ಗೊತ್ತುಮಾಡಿಕೊಳ್ಳಿ. ಊರಲ್ಲಿ ದಾಸವಾಳವನ್ನೋ ಗೊಬ್ಬರದ ಗಿಡವನ್ನೋ ಮೊಣಕಾಲೆತ್ತರಕ್ಕೆ ಕಡಿದರೂ ನಾಲ್ಕು ಮಳೆ ಬಿದ್ದರೆ ಚಿಗುರಿಬಿಡುತ್ತದೆ. ಅದೇ ರೂಢಿಯಲ್ಲಿ ಇಲ್ಲಿ ಕೈ ಹಾಕಿದರೆ ಬೇಲಿಯ ಒಂದು ಮಗ್ಗುಲು ಕಾಯಂ ಆಗಿ ಬೋಳಾಗಬಹುದು.

ಬಹಳಷ್ಟು ಮನೆಗಳಲ್ಲಿ ಕಾಣುವುದು ಲೇಲ್ಯಾಂಡಿಯೈ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಅಂಟಿಕೊಂಡ ಸಣ್ಣ ಎಲೆಗಳೇ ಅದರ ಗುರುತು. ಅಮೆರಿಕದ ಎರಡು ಸೈಪ್ರೆಸ್ ಜಾತಿಗಳು 1888ರಲ್ಲಿ ವೇಲ್ಸಿನ ಲೇಟನ್ ಹಾಲ್ ತೋಟದಲ್ಲಿ ತಾವಾಗಿ ಕೂಡಿ ಹುಟ್ಟಿದ ಮಿಶ್ರತಳಿ ಇದು. ವರ್ಷಕ್ಕೆ 75ರಿಂದ 90 ಸೆಂಟಿಮೀಟರ್ ಬೆಳೆಯುತ್ತದೆ. ಎರಡು ವರ್ಷ ಬಿಟ್ಟರೆ ಕೈತಪ್ಪಿತು. ಇದರ ಹಳೇ ಕಂದು ಕೊಂಬೆಯಲ್ಲಿ ಹೊಸ ಚಿಗುರು ಬರುವುದಿಲ್ಲ. ಕೊಂಬೆಗಳನ್ನು ಬಿಡಿಸಿ ಒಳಗೆ ನೋಡಿ: ಹಸಿರು ಹೊರಗಿನ ಪದರದಲ್ಲಷ್ಟೇ ಇರುತ್ತದೆ, ಒಳಗೆಲ್ಲ ಒಣಕಡ್ಡಿ. ಆದ್ದರಿಂದ ಪಕ್ಕಗಳನ್ನು ಸವರುವಾಗ ಪ್ರತಿ ರೆಂಬೆಯಲ್ಲೂ ಒಂದಷ್ಟು ಹಸಿರು ಉಳಿಯಲೇಬೇಕು. ಅಗಲ ಬಹಳ ಕಡಿಮೆ ಮಾಡಬೇಕೆಂದರೆ ಕತ್ತರಿಯಿಂದ ಆಗುವ ಕೆಲಸವಲ್ಲ, ಬೇಲಿಯನ್ನೇ ತೆಗೆದು ಬೇರೆ ನೆಡಬೇಕು.

ಎತ್ತರದ ಮಾತು ಬೇರೆ. ಏಪ್ರಿಲ್‌ನಲ್ಲಿ ಮೂರನೇ ಒಂದು ಪಾಲಿನವರೆಗೆ ಇಳಿಸಬಹುದು. ನಿಮಗೆ ಬೇಕಾದ ಎತ್ತರಕ್ಕಿಂತ 15 ಸೆಂಟಿಮೀಟರ್ ಕೆಳಗೆ ನಡುಕಾಂಡವನ್ನು ಕೊಯ್ಯಿರಿ. ಪಕ್ಕದ ರೆಂಬೆಗಳು ಮೇಲೆದ್ದು ಮೊಂಡು ತಲೆಯನ್ನು ಮುಚ್ಚುತ್ತವೆ. ಬುಡ ಅಗಲ, ತಲೆ ಕಿರಿದು ಇರುವಂತೆ ಓರೆಯಾಗಿ ಸವರಿ. ತಲೆ ಅಗಲವಾದರೆ ಬುಡಕ್ಕೆ ಬಿಸಿಲು ಸಿಗದೆ ಅಲ್ಲಿಂದಲೇ ಒಣಗತೊಡಗುತ್ತದೆ. ಆಮೇಲೆ ಬೇಸಿಗೆಯಲ್ಲಿ ಎರಡು ಮೂರು ಸಲ ತುದಿ ಸವರಿ, ಆಗಸ್ಟ್ ಮುಗಿಯುವುದರೊಳಗೆ ನಿಲ್ಲಿಸಿ.

ಚಪ್ಪಟೆ ಸೂಜಿಯೆಲೆ, ಕೆಂಪು ಹಣ್ಣು ಇದ್ದರೆ ಅದು ಯೂ. ಇದು ಹಳೇ ಮರದಿಂದಲೂ ಚಿಗುರುತ್ತದೆ, ಧೈರ್ಯವಾಗಿ ಕಡಿಯಬಹುದು. ಆದರೆ ಒಂದು ವಸಂತದಲ್ಲಿ ಒಂದೇ ಮಗ್ಗುಲು. ಅದು ಚೆನ್ನಾಗಿ ಚಿಗುರಿದ ಮೇಲಷ್ಟೇ ಇನ್ನೊಂದು. ಎಲೆ, ಬೀಜ ಎರಡೂ ವಿಷ. ಕುದುರೆ, ದನ ಮೇಯುವ ಕಡೆ ಸೊಪ್ಪು ಎಸೆಯಬೇಡಿ.

ಅಂಗೈಯಷ್ಟು ಉದ್ದದ ಹೊಳೆಯುವ ಎಲೆಯದು ಚೆರ್ರಿ ಲಾರೆಲ್. ಇದೂ ಎಷ್ಟು ಕಡಿದರೂ ಚಿಗುರುತ್ತದೆ. ಟ್ರಿಮ್ಮರ್ ಹಾಕಿದರೆ ಎಲೆಗಳು ಅರ್ಧಕ್ಕೆ ತುಂಡಾಗಿ ಅಂಚು ಕಂದಾಗುವುದರಿಂದ ಕೈಕತ್ತರಿಯೇ ಲೇಸು. ಜಜ್ಜಿದ ಎಲೆಯಿಂದ ಬಾದಾಮಿ ವಾಸನೆಯ ಸಯನೈಡ್ ಅನಿಲ ಹೊರಡುತ್ತದೆ. ಕಡಿದ ಸೊಪ್ಪನ್ನು ಕಾರಿನಲ್ಲಿ ತುಂಬಿ ಕಿಟಕಿ ಮುಚ್ಚಿಕೊಂಡು ಹೋಗುವ ಸಾಹಸ ಬೇಡ.

ಇನ್ನು ಹಕ್ಕಿಗೂಡು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಗೂಡಿನ ಕಾಲ. ಹಕ್ಕಿ ಕಟ್ಟುತ್ತಿರುವ ಅಥವಾ ವಾಸವಿರುವ ಗೂಡನ್ನು ಬೇಕೆಂದೇ ಕೆಡಿಸುವುದು 1981ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಏಪ್ರಿಲ್ ಕೆಲಸಕ್ಕೆ ಮುಂಚೆ ಕೊಂಬೆ ಸರಿಸಿ ನೋಡಿ. ಗೂಡಿದ್ದರೆ ಮರಿ ಹಾರಿಹೋಗುವವರೆಗೆ ಕಾಯಬೇಕು, ಬೇರೆ ದಾರಿಯಿಲ್ಲ.

ಬೇಲಿ ಎರಡು ಮೀಟರ್ ದಾಟಿ ಪಕ್ಕದ ಮನೆಯ ಬೆಳಕು ತಡೆದರೆ ಅವರು ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ದೂರು ಕೊಡಬಹುದು. 2003ರ ಸಮಾಜವಿರೋಧಿ ನಡವಳಿಕೆ ಕಾಯ್ದೆಯ ಈ ಭಾಗ ಇಂಗ್ಲೆಂಡಿನಲ್ಲಿ 2005ರಿಂದ ಜಾರಿಯಲ್ಲಿದೆ. ಅಲ್ಲಿಗೆ ಹೋಗುವ ಮೊದಲೇ ಮಾತಾಡಿ ಮುಗಿಸಿಕೊಳ್ಳುವುದು ಜಾಣತನ. ಅವರ ಬೇಲಿಯ ಕೊಂಬೆ ನಿಮ್ಮ ಕಡೆ ಚಾಚಿದ್ದರೆ ಗಡಿಯವರೆಗೆ ಕತ್ತರಿಸುವ ಹಕ್ಕು ನಿಮಗಿದೆ, ಆದರೆ ಕತ್ತರಿಸಿದ ಕೊಂಬೆ ಅವರದೇ ಆಸ್ತಿ. ಕೇಳದೆ ಆಚೆ ಎಸೆದರೆ ಜಗಳ ಖಂಡಿತ. ಅನುಮತಿಯಿಲ್ಲದೆ ಕಡಿಯಬಾರದೆಂಬ ಸಂರಕ್ಷಣೆಯ ಆದೇಶ ಮರಕ್ಕೆ ಇದೆಯೇ ಎಂದೂ ಕೌನ್ಸಿಲ್‌ನಲ್ಲಿ ವಿಚಾರಿಸಿ.

ವಿದ್ಯುತ್ ಟ್ರಿಮ್ಮರ್ ಆದರೆ ಆರ್‌ಸಿಡಿ (ವಿದ್ಯುತ್ ಸೋರಿದ ಕೂಡಲೇ ಕಡಿತಗೊಳಿಸುವ ಸಾಧನ) ಇರುವ ಪ್ಲಗ್‌ಗೇ ಸಿಕ್ಕಿಸಿ, ವೈರನ್ನು ಹೆಗಲ ಮೇಲೆ ಹಾಕಿ ಬೆನ್ನ ಹಿಂದೆ ಬಿಡಿ. ಸೊಪ್ಪು ಬೇಗ ಗೊಬ್ಬರವಾಗುವುದಿಲ್ಲ. ಕೌನ್ಸಿಲ್‌ನ ತೋಟದ ಕಸದ ತೊಟ್ಟಿಗೆ ಹಾಕಿ ಅಥವಾ ಅವರ ಕಸದ ಕೇಂದ್ರಕ್ಕೆ ಒಯ್ಯಿರಿ. ಹತ್ತು ಮೀಟರ್ ಬೇಲಿಯ ಸೊಪ್ಪು ನೀವಂದುಕೊಂಡದ್ದಕ್ಕಿಂತ ಬಹಳವೇ ಇರುತ್ತದೆ.