ಕಫದ ಡಬ್ಬಿಗೆ ಎಂಜಲು ತುಂಬಬೇಡಿ

ಬೈಲಕುಪ್ಪೆಯ ಟಿಬೆಟನ್ ಗೆಳೆಯರ ಜೊತೆ ಆಸ್ಪತ್ರೆಗೆ ಓಡಾಡುವಾಗ ಎಷ್ಟು ಸಲ ನೋಡಿದ್ದೇನೋ: ಕ್ಷಯದ ಪರೀಕ್ಷೆಗೆ ಕೊಟ್ಟ ಡಬ್ಬಿಯಲ್ಲಿ ಬರೀ ಎಂಜಲು. ವರದಿ ನೆಗೆಟಿವ್, ಕೆಮ್ಮು ಮಾತ್ರ ಹಾಗೇ. ಮಠದ ಕೋಣೆಯಲ್ಲಿ ನಾಲ್ಕಾರು ಮಂದಿ ಒಟ್ಟಿಗೆ ಮಲಗುವ ಕಡೆ ಈ ತಪ್ಪಿನ ಫಲ ಒಬ್ಬರಿಗೇ ನಿಲ್ಲುವುದಿಲ್ಲ.

ಹಂತ 1: ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪರೀಕ್ಷೆ, ಮಾತ್ರೆ ಎರಡೂ ಉಚಿತ. ಟಿಬೆಟನ್ ನಿರಾಶ್ರಿತರ ನೋಂದಣಿ ಪತ್ರವಾದ ಆರ್‌ಸಿ ಪುಸ್ತಕ ಜೊತೆಗಿರಲಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಲಿವೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ನುಂಗಬೇಡಿ. ನಾಲ್ಕು ದಿನ ಹಗುರವೆನಿಸಬಹುದು, ಅಷ್ಟರಲ್ಲಿ ರೋಗ ಮರೆಯಲ್ಲಿ ಕೂತು ಪರೀಕ್ಷೆಗೆ ಸಿಗದೆ ಹೋಗುತ್ತದೆ.

ಹಂತ 2: ಕೆಡುವುದು ಇಲ್ಲೇ. ಸಾಮಾನ್ಯವಾಗಿ ಕಫದ ಎರಡು ಮಾದರಿ ಕೇಳುತ್ತಾರೆ. ಒಂದು ಆಸ್ಪತ್ರೆಯಲ್ಲೇ, ಇನ್ನೊಂದು ಬೆಳಿಗ್ಗೆ ಎದ್ದ ಕೂಡಲೇ. ಬೆಣ್ಣೆ ಚಹಾ ಆಮೇಲೆ ಕುಡಿಯಿರಿ. ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಘಮಘಮಿಸುವ ಬಣ್ಣದ ಮೌತ್‌ವಾಶ್ ಬೇಡವೇ ಬೇಡ, ಹುಡುಕಬೇಕಾದ ರೋಗಾಣುವನ್ನೇ ಅದು ಕೊಂದೀತು. ಬಚ್ಚಲಲ್ಲಿ ನಿಲ್ಲದೆ ಬಯಲಿಗೆ ಬನ್ನಿ, ಜನರಿಂದ ದೂರ. ಉಸಿರು ತುಂಬಾ ಎಳೆದು, ಕ್ಷಣ ಹಿಡಿದು, ಬಿಡಿ. ಹೀಗೆ ಎರಡು ಮೂರು ಸಲ. ಆಮೇಲೆ ಹೊಟ್ಟೆ ಬಿಗಿಹಿಡಿದು ಎದೆಯಾಳದಿಂದ ಕೆಮ್ಮಿ. ಗಂಟಲಲ್ಲಿ ಕ್ಯಾಕರಿಸಿದ್ದು ಲೆಕ್ಕಕ್ಕಿಲ್ಲ. ಡಬ್ಬಿಯೊಳಗೆ ಇಣುಕಿ: ನೊರೆನೊರೆಯಾಗಿ ನೀರಿನಂತಿದ್ದರೆ ಎಂಜಲು, ಮಂದವಾಗಿ ಅಂಟಂಟಾಗಿದ್ದರೆ ಕಫ. ಅರ್ಧದಿಂದ ಒಂದು ಟೀ ಚಮಚ ಸಾಕು. ಬರದಿದ್ದರೆ ಸ್ವಲ್ಪ ಕೂತು ಮತ್ತೆ ಪ್ರಯತ್ನಿಸಿ, ಉಗುಳಿ ತುಂಬಿಸಬೇಡಿ. ಹೆಸರನ್ನು ಡಬ್ಬಿಯ ಮೈಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾದಾಗ ರೋಗಿಯೂ ಅದಲುಬದಲು! ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲಿ ಇಡದೆ ಅದೇ ದಿನ ತಲುಪಿಸಿ.

ಭಾಷೆ ಬಾರದವರಿಗೆ ನಾವು ಕೈಸನ್ನೆಯಲ್ಲಿ 'ಉಗುಳಿ' ಎನ್ನುತ್ತೇವೆ, ಅವರು ಉಗುಳುತ್ತಾರೆ. ಟಿಬೆಟನ್ ಭಾಷೆಯ ಎರಡು ಪದ ಕಲಿತುಕೊಳ್ಳಿ: ಎಂಜಲಿಗೆ 'ಚಿಮಾ', ಕಫಕ್ಕೆ 'ಲೂಪಾ'. ದುಭಾಷಿಗೆ ಕಾಯುವುದಕ್ಕಿಂತ ಇದೇ ಲೇಸು.

ಹಂತ 3: ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಮಾತ್ರೆ. ಮೂತ್ರ ಕಿತ್ತಳೆ ಬಣ್ಣವಾಗುವುದು ಅದರಲ್ಲಿರುವ ರಿಫಾಂಪಿಸಿನ್ ಔಷಧಿಯಿಂದ, ಹೆದರಿ ನಿಲ್ಲಿಸಬೇಡಿ. ಟಿಬೆಟನ್ನರಲ್ಲಿ ಯಕೃತ್ತಿನ ಸೋಂಕಾದ ಹೆಪಟೈಟಿಸ್-ಬಿ ಹೆಚ್ಚು, ಈ ಮಾತ್ರೆಗಳೋ ಯಕೃತ್ತಿಗೆ ಭಾರ. ಆ ರಕ್ತಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿ. ಕಣ್ಣು ಹಳದಿಯಾದರೆ ಅದೇ ದಿನ ವೈದ್ಯರ ಬಳಿ ಓಡಿ.

ಹಂತ 4: ಚಳಿಗಾಲ ಬಂತೆಂದರೆ ಸ್ವೆಟರ್ ಮಾರಲು ಹಲವರು ದೂರದ ಊರುಗಳಿಗೆ ಹೊರಡುತ್ತಾರೆ, ಮಾತ್ರೆ ತಪ್ಪುವುದು ಆಗಲೇ. ಹೊರಡುವ ಒಂದು ವಾರ ಮೊದಲೇ ಹೋಗುವ ಊರಿನ ಹೆಸರು ಹೇಳಿ, ಕ್ಷಯರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ನಿ-ಕ್ಷಯ್‌ನಲ್ಲಿ ವರ್ಗಾವಣೆ ಮಾಡಿಸಿ. ಗುರುತಿನ ಸಂಖ್ಯೆ ಬರೆಸಿಕೊಂಡು, ಅಲ್ಲಿ ಸಿಗುವವರೆಗಿನ ಮಾತ್ರೆ ಎಣಿಸಿಕೊಂಡು ಬಸ್ ಹತ್ತಿ.